ಮೂರು ಕಾಲು, ಎರಡು ಕಣ್ಣು

ಬಾಗಲಕೋಟೆಯ ಹರಾಜಿನಲ್ಲಿ ಕೂಗುವವರೇ ಕಡಿಮೆ.
ತುಕ್ಕಿನ ಸರಪಳಿ ಒಬ್ಬರಿಗೆ, ಕಡತದ ಕಪಾಟು ಒಬ್ಬರಿಗೆ,
ಮೂರು ಕಾಲಿನ ಕಟ್ಟಿಗೆ ಸ್ಟ್ಯಾಂಡು ನನಗೆ.
ಸರ್ವೇದವರು ದುರ್ಬೀನು ಇಟ್ಟು ನೆಲ ಅಳೆದದ್ದು.
ಒಂದು ಕಾಲಿನ ಮೇಲೆ ಕೆಂಪು ಬಣ್ಣದಲ್ಲಿ ಹದಿನೇಳು.

ಅಲ್ಲಿಯವರೆಗೆ ನನ್ನ ಬೈನಾಕ್ಯುಲರಿಗೆ
ಆನಿಕೊಳ್ಳಲು ಏನೂ ಇರಲಿಲ್ಲ.
ಕೈಯಲ್ಲಿ ಹಿಡಿದರೆ ಗುರುಗ್ರಹ
ಕಾದ ಎಣ್ಣೆಗೆ ಬಿದ್ದ ಸಾಸಿವೆ;
ಉಸಿರು ಕಟ್ಟಬಹುದು, ಎದೆ ಕಟ್ಟಲಾಗುವುದಿಲ್ಲವಲ್ಲ.
ಮಾಳಿಗೆಯ ಕುಂಬಿಗೆ ಮೊಣಕೈ ಊರಿದೆ,
ಕಸಬರಿಗೆಯ ಕೋಲನ್ನು ಗದ್ದಕ್ಕೆ ಕೊಟ್ಟೆ,
ಪಕ್ಕದ ಮನೆಯ ಬಂಗಾರೆವ್ವನ ಹೆಗಲ ಮೇಲೂ ಇಟ್ಟು ನೋಡಿದೆ:
"ನಗಬ್ಯಾಡ, ಸುಮ್ನಿರು" ಅಂದಷ್ಟೂ ನಕ್ಕಳು,
ಆಕಾಶವೆಲ್ಲ ಕುಲುಕಾಡಿತು.

ತಂದ ಮೇಲೆ ತಿಳಿಯಿತು, ಹೊಂದುವುದಿಲ್ಲ.
ಸ್ಟ್ಯಾಂಡಿನ ಬೋಲ್ಟು ಹೆಬ್ಬೆರಳಿನಷ್ಟು;
ಬೈನಾಕ್ಯುಲರಿನ ಎರಡು ಕೊಳವೆಗಳ ನಡುವೆ
ಮೂಗಿನ ಮುಚ್ಚಳ ಬಿಚ್ಚಿದರೆ ಕಾಲಿಂಚಿನ ತೂತು.
ಆನೆಯ ಕಾಲಿಗೆ ಇಲಿಯ ಜೋಡು.

ದಾವಲಸಾಬರ ಲೇತು ನವನಗರದಲ್ಲಿ, ಬಸ್ ಡಿಪೋದ ಹಿಂದೆ.
ವರ್ನಿಯರ್ ತೆಗೆದರು. ಅಳೆದರು. ಅಂಗೈ ಮೇಲೆ ಬರೆದುಕೊಂಡರು.
"ಹಿತ್ತಾಳಿ ಬುಷ್ ಮಾಡೂಣು. ಕುತ್ತಿಗಿ ಏನ್ ಮಾಡ್ತೀರಿ, ಅಕ್ಕೋರ?
ನೆಲಾ ನೋಡಾಕ ಕುತ್ತಿಗಿ ಬ್ಯಾಡ,
ಚಿಕ್ಕಿ ನೋಡಾಕ ಬೇಕಲ್ಲ."
ಕೆಟ್ಟ ಟೇಬಲ್ ಫ್ಯಾನೊಂದರ ಕುತ್ತಿಗೆ ಕತ್ತರಿಸಿ,
ಕಬ್ಬಿಣದ ಪಟ್ಟಿಯನ್ನು ಕಾಟಕೋನಕ್ಕೆ ಬಗ್ಗಿಸಿ,
ಹಿತ್ತಾಳೆಯ ಸಿಪ್ಪೆ ಸುರುಳಿ ಸುರುಳಿಯಾಗಿ
ಕಾಲಡಿಗೆ ಉದುರುತ್ತಿರುವಾಗ
ಅವರ ಕಣ್ಣು ಕೆಂಪು ಹದಿನೇಳರ ಮೇಲೆ ಬಿತ್ತು.

ಲೇತು ನಿಂತಿತು.

"ಇದು ನಮ್ಮ ಅಂಗಡಿ ಮುಂದ ನಿಂತಿತ್ತು," ಅಂದರು.
"ಹಳೇ ಊರಾಗ. ಒಂದ್ ಹಗಲ ಪೂರಾ.
ನೀರು ಎಲ್ಲೀತನಾ ಬರತೈತಿ ಅಂತ
ಗೋಡಿಗೆ ಗೆರಿ ಹೊಡದ್ರು.
ನಾನ ಅವರಿಗೆ ಚಹಾ ತರಿಸಿದ್ದೆ."
ಇನ್ನೇನೋ ಹೇಳುವರೆಂದು ಕಾದೆ.
ಸ್ವಿಚ್ಚು ಒತ್ತಿದರು.
ನೂರಾ ನಲವತ್ತು ರೂಪಾಯಿ.
ಚೌಕಾಸಿಗೆ ಹೋದರೆ, "ಹಿತ್ತಾಳಿ ತುಟ್ಟಿ ಐತ್ರಿ."

ಊಟದ ಹೊತ್ತು ಕಳೆದ ಮೇಲೆ, ಥಂಡಿಯಲ್ಲಿ, ತಾವೇ ಬಂದರು.
ಚಿಕ್ಕಿ ನೋಡಲು ಅಲ್ಲ, ಕೆಲಸ ನೋಡಲು.
ಕಾಲಿನ ಮೊನೆ ಗಚ್ಚು ಕೊರೆಯದಂತೆ ಮೂರು ತೆಂಗಿನ ಕರಟ,
ಕಾಲುಗಳ ನಡುವೆ ತೂಗುವ ಉಸುಕಿನ ಚೀಲ,
ಪಟ್ಟಿಗೂ ಕೊಳವೆಗೂ ನಡುವೆ ಸೈಕಲ್ ಟ್ಯೂಬಿನ ತುಂಡು.
ಬೆರಳಿಂದ ತಿರುವಿದರು; ಬೆರಳು ಸಾಕೆಂದಾಗ ಇನ್ನರ್ಧ ಸುತ್ತು.
"ಅದಕ್ಕಿಂತ ಹೆಚ್ಚು ಬ್ಯಾಡ, ಹಲ್ಲು ಹೊಕ್ಕಾವು.
ಈಗ ಕೈ ಬಿಡ್ರಿ."
ಬಿಟ್ಟೆ. ನಾಲ್ಕು ಎಣಿಸುವಷ್ಟರಲ್ಲಿ
ಕಟ್ಟಿಗೆಯ ನಡುಕ ಇಳಿಯಿತು.

ಗುರು ನಿಂತ,
ಮೊಸರಿನ ಬಣ್ಣದ ಒಂದು ಮಣಿ.
ಆಚೀಚೆ, ನೂಲು ಹಿಡಿದು ಇಟ್ಟ ಹಾಗೆ, ಅದರ ಚಂದ್ರರು.

ಬಂಗಾರೆವ್ವ ಮೊದಲು ನೋಡಿದಳು. ನಗಲಿಲ್ಲ.
ದಾವಲಸಾಬರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.
"ನಾಕು ಅಂದಿದ್ರಿ. ಮೂರ ಅದಾವು."
"ಒಂದು ಹಿಂದ ಹೋಗಿರಬೇಕು. ಹೊರಗ ಬರತೈತಿ."
"ಎಷ್ಟೊತ್ತಿಗೆ?"
ನನಗೆ ಗೊತ್ತಿರಲಿಲ್ಲ.

ಚಿಟ್ಟೆ ನಟ್ಟು ಸಡಿಲಿಸಿ
ಮೆಲ್ಲಗೆ ಕೆಳಗಿಳಿಸಿದರು, ಹಿನ್ನೀರಿನ ದಿಕ್ಕಿಗೆ.
ಅಲ್ಲಿ ಕತ್ತಲು; ದೂರ ಒಬ್ಬ ಮೀನುಗಾರನ ಬ್ಯಾಟರಿ.
ಎರಡು ಕಣ್ಣಿನ ಯಂತ್ರದಲ್ಲಿ
ಒಂದು ಕಣ್ಣು ಮುಚ್ಚಿ, ಅಳೆಯಲು ಬಂದವರ ಹಾಗೆ,
ಬಹಳ ಹೊತ್ತು ನೋಡಿದರು.

ಫ್ಯಾನಿನ ಕುತ್ತಿಗೆ ತೂಕಕ್ಕೆ
ಕೂದಲೆಳೆಯಷ್ಟು ಬಾಗಿತು.
"ಇಳೀಲಿಕತ್ತೈತಿ," ಅಂದರು, ಕಣ್ಣು ತೆಗೆಯದೆ.
"ನಾಳೆ ಒಂದ್ ವಾಷರ್ ಹಾಕೂಣು."